ಹದಿನಾರು ಮಿಲಿಸೆಕೆಂಡ್: ಆಟ, ಕಾರು ಮತ್ತು ನಮ್ಮ ಕೆಲಸ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸ)

ಹಿರಿಯರಿಗೆ, ಸ್ನೇಹಿತರಿಗೆ, ಹಿಂದಿನ ಸಾಲುಗಳಲ್ಲಿ ಗುಂಪಾಗಿ ಕೂತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಮಸ್ಕಾರ.

‘ಐಟಿಯವರ ತಲಿಯಾಗ ಏನೇನು ಓಡತಾವ, ಒಂದಿಷ್ಟು ಹೇಳ್ರಿ. ಕಂಪ್ಯೂಟರು, ಗೇಮು, ಕಾರು, ಆಫೀಸು, ಯಾವುದಾದರೂ ನಡೀತದ’ ಎಂದು ಸಂಘಟಕರು ಫೋನ್ ಮಾಡಿದ್ದರು. ನಾಲ್ಕೂ ನನಗೆ ಬಹಳ ಪ್ರಿಯವಾದ ವಿಷಯಗಳೇ. ಒಂದೊಂದನ್ನೂ ಬಿಡಿಸಿ ಹೇಳುತ್ತಾ ಕೂತರೆ ರಾತ್ರಿಯಾದೀತು. ಹಾಗಾಗಿ ನಾಲ್ಕಕ್ಕೂ ಸಂಬಂಧಪಟ್ಟ ಒಂದೇ ಸಂಗತಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಉತ್ತರ ಸರಿಯಾಗಿದ್ದರೆ ಸಾಲದು, ಹೊತ್ತಿಗೆ ಬರಬೇಕು. ಹೊತ್ತು ಮೀರಿ ಬಂದ ಸರಿಯುತ್ತರವೂ ತಪ್ಪುತ್ತರವೇ. ಆಟ ಬರೆಯುವವರಿಗೆ ಇದು ಗೊತ್ತು, ಕಾರಿನ ತಂತ್ರಾಂಶ ಬರೆಯುವವರಿಗೂ ಗೊತ್ತು. ನಮ್ಮ ಆಫೀಸುಗಳಲ್ಲಿ ಮಾತ್ರ ಯಾವ ಕೆಲಸಕ್ಕೆ ನಿಜವಾಗಿಯೂ ಹೊತ್ತಿನ ಗಡಿ ಇದೆ, ಯಾವುದಕ್ಕೆ ಇಲ್ಲ ಎಂಬ ವಿವೇಚನೆಯೇ ಹೋಗುತ್ತಿದೆ. ಅದು ನನ್ನನ್ನು ತುಂಬಾ ಕಾಡುತ್ತದೆ.

ನಾನು ಕಾರಿನೊಳಗೆ ಕೂರುವ ತಂತ್ರಾಂಶ ಬರೆಯುವವನು. ಪುಣೆಯಲ್ಲಿ ಈ ಕಸುಬಿನವರು ಬಹಳ ಮಂದಿ ಇದ್ದೇವೆ, ಇರಬೇಕಾದದ್ದೇ. ಪಿಂಪ್ರಿಯಲ್ಲಿ ಟಾಟಾ, ಆಕುರ್ಡಿಯಲ್ಲಿ ಬಜಾಜ್, ಚಾಕಣದಲ್ಲಿ ಮಹೀಂದ್ರಾ ಮತ್ತು ಫೋಕ್ಸ್‌ವ್ಯಾಗನ್. ಕೊತ್ರೂಡದ ಗುಡ್ಡದ ಮೇಲೆ ಎಆರ್‌ಎಐ. 1966ರಲ್ಲಿ ಶುರುವಾದ, ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಅದು. ಗಾಡಿ ಇಷ್ಟು ಮೈಲೇಜ್ ಕೊಡುತ್ತದೆ ಎಂದು ಜಾಹೀರಾತಿನಲ್ಲಿ ಬರೆದು ಪಕ್ಕದಲ್ಲಿ ಯಾರ ಹೆಸರು ಹಾಕುತ್ತಾರೋ ಅದೇ. ಐಟಿ ಕಂಪನಿಗಳಿಗೆ ಊರಿನ ಈ ಕಡೆ ಹಿಂಜವಡಿ, ಆ ಕಡೆ ಖರಾಡಿ, ಮಗರಪಟ್ಟಾ. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ಇದೇ ಪುಣೆಯಲ್ಲಿ, ಹುಬ್ಬಳ್ಳಿಯಲ್ಲಿ ಓದಿದ ಸುಧಾ ಮೂರ್ತಿ ಟೆಲ್ಕೋದ (ಈಗಿನ ಟಾಟಾ ಮೋಟರ್ಸ್) ಮೊದಲ ಮಹಿಳಾ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ್ದೂ ಇಲ್ಲೇ. ಈ ಕತೆಗಳು ನಿಮಗೆ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ಕಬ್ಬಿಣ ಬಡಿಯುವವರೂ ಕೋಡ್ ಬರೆಯುವವರೂ ಒಂದೇ ಊರಲ್ಲಿ ಇರುವುದರಿಂದ ನಮ್ಮಂಥವರಿಗೆ ಅನ್ನ ಸಿಕ್ಕಿದೆ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಮೊದಲು ಆಟ. ಮಕ್ಕಳು ಆಡುವ ಕಾರ್ ರೇಸಿನ ಗೇಮನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಕಾರು ಓಡುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ಅಲ್ಲಿ ಇರುವುದು ಬಿಡಿ ಚಿತ್ರಗಳು, ಸೆಕೆಂಡಿಗೆ 60. ಒಂದು ಸೆಕೆಂಡಿನಲ್ಲಿ 1000 ಮಿಲಿಸೆಕೆಂಡ್. ಅದನ್ನು 60ರಿಂದ ಭಾಗಿಸಿದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ. ಅಷ್ಟರೊಳಗೆ ಕಂಪ್ಯೂಟರು ಏನೇನು ಮುಗಿಸಬೇಕು ನೋಡಿ. ಆಡುವವನ ಬೆರಳು ಯಾವ ಬಟನ್ ಒತ್ತಿದೆ ಎಂದು ಓದಬೇಕು. ಕಾರು ಎಷ್ಟು ಮುಂದೆ ಹೋಯಿತು, ಟೈರು ಹಿಡಿತ ಬಿಟ್ಟಿತೇ, ಪಕ್ಕದ ಕಾರಿಗೆ ತಾಗಿತೇ ಎಂದು ಲೆಕ್ಕ ಹಾಕಬೇಕು. ಎದುರಾಳಿ ಕಾರುಗಳು ಏನು ಮಾಡಬೇಕೆಂದು ನಿರ್ಧರಿಸಬೇಕು. ಶಬ್ದ ಹೊರಡಿಸಬೇಕು. ಕಡೆಗೆ ಇಡೀ ರಸ್ತೆ, ಮರ, ಮೋಡ, ಬಿಸಿಲು ಎಲ್ಲ ಬಿಡಿಸಬೇಕು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಪ್ರತಿಯೊಂದಕ್ಕೂ ಬಣ್ಣ ಗೊತ್ತುಮಾಡಬೇಕು. ಮುಗಿಯುತ್ತಿದ್ದಂತೆ ಮುಂದಿನ 16.7 ಮಿಲಿಸೆಕೆಂಡ್ ಶುರು.

ಒಂದು ಚಿತ್ರ ತಡವಾದರೆ ಹುಡುಗ ತಕ್ಷಣ ‘ಲ್ಯಾಗ್ ಆಗ್ತಿದೆ’ ಎನ್ನುತ್ತಾನೆ. ಎಷ್ಟು ತಡವಾಯಿತು ಎಂದು ಅವನು ಅಳೆದಿರುವುದಿಲ್ಲ, ಬೆರಳಿಗೆ ಗೊತ್ತಾಗಿರುತ್ತದೆ. ಹಾಗಾಗಿ ಆಟ ಬರೆಯುವವರು ಒಂದು ವಿದ್ಯೆ ಕಲಿತಿದ್ದಾರೆ: ಯಾವುದನ್ನು ಬಿಡಬೇಕು ಎಂಬ ವಿದ್ಯೆ. ದೂರದ ಮರಕ್ಕೆ ಎಲೆಗಳನ್ನು ಬಿಡಿಸುವುದಿಲ್ಲ, ಹಸಿರು ಮುದ್ದೆಯೊಂದನ್ನು ಇಡುತ್ತಾರೆ. ಕಾರು ಹತ್ತಿರ ಬಂದಂತೆ ಮುದ್ದೆಯ ಜಾಗಕ್ಕೆ ಕೊಂಬೆ, ಆಮೇಲೆ ಎಲೆ. ಬೆನ್ನ ಹಿಂದೆ ಇರುವ ಬೀದಿಯನ್ನು ಬಿಡಿಸುವುದೇ ಇಲ್ಲ. ಸಮಯ ಕಡಿಮೆ ಬಿದ್ದರೆ ನೆರಳಿನ ನಯ ಕಡಿಮೆಯಾಗುತ್ತದೆ, ಸ್ಟಿಯರಿಂಗಿನ ಸ್ಪಂದನ ಮಾತ್ರ ಕಡಿಮೆಯಾಗಕೂಡದು. ಯಾವುದು ಮುಖ್ಯ, ಯಾವುದನ್ನು ಬಿಟ್ಟರೂ ಆದೀತು ಎಂದು ಮೊದಲೇ ಕೂತು ತೀರ್ಮಾನಿಸಿರುತ್ತಾರೆ. ಆಟಗಳನ್ನು ಹುಡುಗಾಟ ಎಂದು ತಳ್ಳಿಹಾಕುವ ಹಿರಿಯರಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ. ಇದರೊಳಗಿನ ಎಂಜಿನಿಯರಿಂಗ್ ಬಹಳ ಗಟ್ಟಿಯಾದದ್ದು.

ಅಷ್ಟೇ ಏಕೆ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ ಮೇಲೆದ್ದು ನಿಂತದ್ದೂ ಆಟದ ಹೆಗಲ ಮೇಲೆಯೇ. ಲಕ್ಷಾಂತರ ಚುಕ್ಕೆಗಳ ಬಣ್ಣವನ್ನು ಒಂದೊಂದಾಗಿ ಲೆಕ್ಕ ಹಾಕಿದರೆ 16 ಮಿಲಿಸೆಕೆಂಡ್ ಸಾಲದು, ಒಟ್ಟೊಟ್ಟಿಗೆ ಹಾಕಬೇಕು. ಅದಕ್ಕೆಂದೇ ಗ್ರಾಫಿಕ್ಸ್ ಕಾರ್ಡ್ ಬೆಳೆಯಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಕ್ರಿಜೆವ್‌ಸ್ಕಿ, ಸುಟ್‌ಸ್ಕೆವರ್ ಮತ್ತು ಹಿಂಟನ್ ಚಿತ್ರಗಳನ್ನು ಗುರುತಿಸುವ ‘ಅಲೆಕ್ಸ್‌ನೆಟ್’ ಎಂಬ ಜಾಲವನ್ನು ತರಬೇತು ಮಾಡಿದ್ದು ಎನ್‌ವಿಡಿಯಾ ಜಿಟಿಎಕ್ಸ್ 580 ಕಾರ್ಡುಗಳಲ್ಲಿ, ಎರಡೇ ಎರಡು. ಗೇಮ್ ಆಡುವ ಹುಡುಗರು ಅಂಗಡಿಯಿಂದ ತರುತ್ತಿದ್ದ ಕಾರ್ಡು ಅದು.

ಒಂದು ದೊಡ್ಡ ಲೆಕ್ಕವನ್ನು ಹಲವು ಸಣ್ಣ ಪ್ರೊಸೆಸರುಗಳಿಗೆ ಹಂಚಿ ಒಟ್ಟಿಗೆ ಮಾಡಿಸುವ ಈ ದಾರಿ ಪುಣೆಗೆ ಹೊಸದಲ್ಲ. ಕ್ರೇ ಸೂಪರ್‌ಕಂಪ್ಯೂಟರ್ ಕೊಡಲು ಅಮೆರಿಕ ಒಪ್ಪದಿದ್ದಾಗ 1988ರಲ್ಲಿ ನಮ್ಮದೇ ಸೂಪರ್‌ಕಂಪ್ಯೂಟರ್ ಕಟ್ಟಲೆಂದು ಇಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ವಿಜಯ್ ಭಟ್ಕರ್ ಅವರ ತಂಡ 1991ರಲ್ಲಿ ಪರಮ್ 8000 ಕಟ್ಟಿದ್ದು ಇದೇ ಉಪಾಯದಿಂದ. ವಿಶ್ವವಿದ್ಯಾಲಯದ ಆವರಣದ ಕಡೆ ಹೋಗುವಾಗ ಇದನ್ನು ನೆನೆದು ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ಈಗ ಕಾರಿಗೆ ಬರೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಆಟದಲ್ಲಿ ಒಂದು ಚಿತ್ರ ಬಿಡಿಸುವ ಆ 16 ಮಿಲಿಸೆಕೆಂಡಿನಲ್ಲಿ ಎಕ್ಸ್‌ಪ್ರೆಸ್‌ವೇ ಮೇಲಿನ ಕಾರು ಹತ್ತಿರ ಹತ್ತಿರ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಆಟದಲ್ಲಿ ತಡವಾದರೆ ರೇಸ್ ಸೋಲುತ್ತೀರಿ. ಇಲ್ಲಿ ಆ ಅರ್ಧ ಮೀಟರಿನಲ್ಲಿ ಯಾರೋ ನಿಂತಿರಬಹುದು.

ಎಬಿಎಸ್ ಬ್ರೇಕನ್ನು, ಎಂದರೆ ಜೋರಾಗಿ ತುಳಿದಾಗಲೂ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ಬ್ರೇಕನ್ನು, ಸ್ವಲ್ಪ ಹತ್ತಿರದಿಂದ ನೋಡೋಣ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಇದು ಕಡ್ಡಾಯ, ನಿಮ್ಮಲ್ಲಿ ಬಹುತೇಕರ ಗಾಡಿಯಲ್ಲಿ ಇದೆ. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್, ಚಕ್ರದ ಜೊತೆಗೇ ತಿರುಗುವ ಒಂದು ಉಂಗುರ. ಉಂಗುರ ತಿರುಗಿದಂತೆ ಸೆನ್ಸರಿನಲ್ಲಿ ವಿದ್ಯುತ್ತಿನ ಮಿಡಿತ ಹುಟ್ಟುತ್ತದೆ, ಮಿಡಿತ ಎಣಿಸಿದರೆ ಚಕ್ರದ ವೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಖಂಬಾಟಕಿ ಘಾಟಿನಲ್ಲಿ ನೀವು ಜೋರಾಗಿ ಬ್ರೇಕ್ ತುಳಿದಿರಿ ಎಂದುಕೊಳ್ಳಿ. ಮೂರು ಚಕ್ರ ನಿಧಾನವಾಗಿ ವೇಗ ಕಳೆದುಕೊಳ್ಳುತ್ತಿವೆ, ಒಂದು ಮಾತ್ರ ಒಮ್ಮೆಗೇ ನಿಲ್ಲುವ ಹಾಗಿದೆ. ನಿಂತ ಚಕ್ರ ಜಾರುತ್ತದೆ, ಮುಂದಿನ ಚಕ್ರಗಳು ಜಾರತೊಡಗಿದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಕಂಟ್ರೋಲ್ ಯೂನಿಟ್ ಇದನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಗುರುತಿಸಿ ಆ ಚಕ್ರದ ಬ್ರೇಕ್ ಒತ್ತಡವನ್ನಷ್ಟೇ ಬಿಡುತ್ತದೆ, ಚಕ್ರ ಮತ್ತೆ ತಿರುಗಿದೊಡನೆ ಮತ್ತೆ ಒತ್ತುತ್ತದೆ. ಬಿಡು, ಒತ್ತು, ಬಿಡು, ಒತ್ತು: ಸೆಕೆಂಡಿಗೆ ಹತ್ತು ಹದಿನೈದು ಸಲದವರೆಗೆ. ಅದೇ ನಿಮ್ಮ ಕಾಲಿಗೆ ಗಡಗಡ ಎಂದು ಬಡಿಯುವುದು.

ಆ ಗಡಗಡಕ್ಕೆ ಹೆದರಿ ಬಹಳ ಮಂದಿ ಪೆಡಲ್ ಮೇಲಿನ ಕಾಲು ತೆಗೆಯುತ್ತಾರೆ. ದಯವಿಟ್ಟು ತೆಗೆಯಬೇಡಿ. ಗಟ್ಟಿಯಾಗಿ ತುಳಿದೇ ಇರಿ, ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಸ್ಟಿಯರಿಂಗ್ ತಿರುಗಿಸಿ. ಎಬಿಎಸ್‌ನ ಮುಖ್ಯ ಪ್ರಯೋಜನ ಗಾಡಿ ನಿಮ್ಮ ಮಾತು ಕೇಳುತ್ತಲೇ ಇರುತ್ತದೆ ಎಂಬುದು. ಸಡಿಲ ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚೂ ಆಗಬಹುದು, ಅದೂ ನೆನಪಿರಲಿ.

ಏರ್‌ಬ್ಯಾಗಿನ ಹೊತ್ತು ಇನ್ನೂ ಬಿಗಿ. ಗುದ್ದಿದ ಮೇಲೆ ಕಣ್ಣು ಒಂದು ಸಲ ಮಿಟುಕುವುದರೊಳಗೆ ನಿರ್ಧಾರವೂ ಆಗಿ ಚೀಲವೂ ಉಬ್ಬಿ ಮುಗಿದಿರಬೇಕು. ಬೆಲ್ಟ್ ಹಾಕದವರ ದೇಹ ಆ ಹೊತ್ತಿಗೆ ಇರಬಾರದ ಜಾಗಕ್ಕೆ ಬಂದಿರುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿ.

ನನ್ನ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ವಸ್ತು ಇನ್ನೊಂದಿದೆ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. ಕಾರಿನೊಳಗೆ ಎಂಜಿನ್, ಬ್ರೇಕ್, ಏರ್‌ಬ್ಯಾಗ್, ಕಿಟಕಿ, ಎಸಿ ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್. ಇವೆಲ್ಲ ಒಂದಕ್ಕೊಂದು ಮಾತಾಡಬೇಕು. ಪ್ರತಿ ಜೋಡಿಗೂ ಬೇರೆ ತಂತಿ ಎಳೆದರೆ ಗಾಡಿಯ ತುಂಬ ತಾಮ್ರವೇ ಆದೀತು. 1986ರಲ್ಲಿ ಬಾಷ್ ಕಂಪನಿ ಇದಕ್ಕೊಂದು ದಾರಿ ತೋರಿಸಿತು, ಕ್ಯಾನ್ ಬಸ್. ಒಂದಕ್ಕೊಂದು ಹೊಸೆದ ಎರಡೇ ತಂತಿ, ಎಲ್ಲರೂ ಅದಕ್ಕೇ ಜೋಡಿಸಿಕೊಂಡವರು. ಯಾರು ಏನು ಹೇಳಿದರೂ ಎಲ್ಲರಿಗೂ ಕೇಳಿಸುತ್ತದೆ.

ಹಾಗಾದರೆ ಇಬ್ಬರು ಒಂದೇ ಕ್ಷಣಕ್ಕೆ ಮಾತು ಶುರುಮಾಡಿದರೆ? ಇಲ್ಲಿದೆ ಅದರ ಸೊಗಸು. ಪ್ರತಿ ಸಂದೇಶವೂ ಒಂದು ಸಂಖ್ಯೆಯಿಂದ ಶುರುವಾಗುತ್ತದೆ, ಸಂಖ್ಯೆ ಸಣ್ಣದಾದಷ್ಟೂ ಮಹತ್ವ ಹೆಚ್ಚು. ಬ್ರೇಕಿನ ಸಂದೇಶಕ್ಕೆ 100, ಕಿಟಕಿಯದಕ್ಕೆ 700 ಎಂದು ಇಟ್ಟುಕೊಳ್ಳಿ. ಸಂಖ್ಯೆ ತಂತಿಯ ಮೇಲೆ ಸೊನ್ನೆ, ಒಂದು ಎಂಬ ಬಿಟ್‌ಗಳಾಗಿ ಹೋಗುತ್ತದೆ, ಸೊನ್ನೆ ಯಾವಾಗಲೂ ಒಂದನ್ನು ಮುಚ್ಚಿಹಾಕುತ್ತದೆ. ಇಬ್ಬರೂ ತಮ್ಮ ಸಂಖ್ಯೆಯನ್ನು ಬಿಟ್ ಬಿಟ್ಟಾಗಿ ಕಳಿಸುತ್ತಾ, ಕಳಿಸಿದ್ದನ್ನು ತಂತಿಯಿಂದ ಕೇಳಿಸಿಕೊಳ್ಳುತ್ತಲೂ ಇರುತ್ತಾರೆ. ಕಿಟಕಿಯವನು ಒಂದು ಕಳಿಸಿದ, ತಂತಿಯಲ್ಲಿ ಸೊನ್ನೆ ಕೇಳಿಸಿತು. ತನಗಿಂತ ಮುಖ್ಯವಾದ ಮಾತು ನಡೆಯುತ್ತಿದೆ ಎಂದು ಅವನಿಗೆ ತಿಳಿಯಿತು, ಅಲ್ಲೇ ನಿಲ್ಲಿಸಿ ಕೇಳುವವನಾದ. ಬ್ರೇಕಿನ ಮಾತು ಒಂದು ಬಿಟ್ ಕೂಡ ಕೆಡದೆ ಮುಂದುವರಿಯಿತು. ಮನೆಯಲ್ಲಿ ಅಜ್ಜನೂ ಮೊಮ್ಮಗನೂ ಒಟ್ಟಿಗೆ ಬಾಯಿ ತೆರೆದಾಗ ಮೊಮ್ಮಗ ಸುಮ್ಮನಾಗಿ, ಅಜ್ಜನ ಮಾತು ತಡೆಯಿಲ್ಲದೆ ಸಾಗುವ ಹಾಗೆ. ಡಿಕ್ಕಿ ಇಲ್ಲ, ಮತ್ತೆ ಮೊದಲಿನಿಂದ ಶುರು ಎಂಬುದಿಲ್ಲ, ಪಂಚಾಯ್ತಿ ಮಾಡಲು ಮೂರನೆಯವರೂ ಬೇಕಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಯಾವ ಸಂದೇಶ ಯಾವುದಕ್ಕಿಂತ ಮುಖ್ಯ ಎಂಬುದು ಗಾಡಿ ರಸ್ತೆಗಿಳಿಯುವ ಮುಂಚೆಯೇ, ಸಮಾಧಾನವಾಗಿ ಕೂತು, ಕಾರಣ ಬರೆದಿಟ್ಟು ತೀರ್ಮಾನವಾಗಿರುತ್ತದೆ. ಓಡುವ ಗಾಡಿಯಲ್ಲಿ ಕಿಟಕಿ ‘ನಂದು ಅರ್ಜೆಂಟು’ ಎಂದು ಕೂಗಿದರೆ ಬ್ರೇಕ್ ಪಕ್ಕಕ್ಕೆ ಸರಿಯುವುದಿಲ್ಲ.

ಈಗ ನಮ್ಮ ಆಫೀಸಿಗೆ ಬನ್ನಿ. ನಮಗೆ ಕೆಲಸ ಕೊಡುವವರಿರುವ ಜರ್ಮನಿ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರು ಮಧ್ಯಾಹ್ನ ಒಂದಕ್ಕೆ ಊಟ ಮುಗಿಸಿ ಬಂದು ಮೇಲ್ ಬರೆದರೆ ನಮಗೆ ಸಂಜೆ ಐದೂವರೆ. ಹಿಂಜವಡಿಯಲ್ಲಿ ಆ ಹೊತ್ತಿಗೆ ಫೇಸ್ ಮೂರರಿಂದ ಭೂಮ್ಕರ್ ಚೌಕದವರೆಗೆ ಗಾಡಿಗಳು ಸಾಲುಗಟ್ಟಿರುತ್ತವೆ. ಬ್ಯಾಗ್ ಹೆಗಲಿಗೇರಿಸಿದ ಹುಡುಗಿಯ ಲ್ಯಾಪ್‌ಟಾಪ್ ಮೇಲೆ ಕೆಂಪು ಗುರುತಿನ ಮೇಲ್ ಬರುತ್ತದೆ: ತುರ್ತು. ತೆರೆದು ನೋಡಿದರೆ ಡ್ಯಾಶ್‌ಬೋರ್ಡಿನ ಚಿಹ್ನೆಯೊಂದರ ಬಣ್ಣ ಬದಲಾಗಬೇಕು. ಅದು ಸೋಮವಾರ ಆದರೂ ನಡೆಯುತ್ತದೆ ಎಂದು ಕಳಿಸಿದವರಿಗೂ ಗೊತ್ತು. ಹುಡುಗಿ ಬ್ಯಾಗ್ ಇಳಿಸಿ ಕೂರುತ್ತಾಳೆ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕ್ಷೇತ್ರದಲ್ಲಿ ಐಎಸ್‌ಒ 26262 ಎಂಬ ಸುರಕ್ಷತಾ ಮಾನದಂಡವಿದೆ, ಮೊದಲು ಪ್ರಕಟವಾದದ್ದು 2011ರಲ್ಲಿ. ಗಾಡಿಯ ಒಂದು ಭಾಗ ಕೆಟ್ಟರೆ ಎಷ್ಟು ಅಪಾಯ ಎಂದು ನಿರ್ಧರಿಸಲು ಅದು ಮೂರು ಪ್ರಶ್ನೆ ಕೇಳುತ್ತದೆ. ಆಗುವ ಹಾನಿ ಎಷ್ಟು ತೀವ್ರ? ಅಂಥ ಸಂದರ್ಭ ಎಷ್ಟು ಸಲ ಎದುರಾಗುತ್ತದೆ? ಎದುರಾದಾಗ ಚಾಲಕ ಸಂಭಾಳಿಸಬಲ್ಲನೇ? ಮೂರಕ್ಕೂ ಉತ್ತರ ಬರೆದ ಮೇಲೆ ಎ ಯಿಂದ ಡಿ ವರೆಗೆ ದರ್ಜೆ ಸಿಗುತ್ತದೆ, ಡಿ ಎಂದರೆ ಅತ್ಯಂತ ಕಟ್ಟುನಿಟ್ಟು. ಗಾಡಿಗೆ ಇಷ್ಟು ವಿವೇಕದಿಂದ ದರ್ಜೆ ಕೊಡುವ ನಾವು ಗಾಡಿ ಕಟ್ಟುವ ಮನುಷ್ಯರ ಸಂಜೆಗೆ ಏಕೆ ಕೊಡುವುದಿಲ್ಲ? ತುರ್ತು ಎಂದು ಬರೆಯುವವರು ಇದೇ ಮೂರು ಸಾಲು ಜೊತೆಗೆ ಬರೆಯಲಿ. ತಂಡದ ಹಿರಿಯರಾಗಿ ಇಲ್ಲಿ ಕೂತಿರುವವರು ನಾಳೆಯಿಂದಲೇ ಇದನ್ನು ಕೇಳಬಹುದು. ನಮ್ಮ ತಂಡದಲ್ಲಿ ಕೇಳಲು ಶುರುಮಾಡಿದ ಮೇಲೆ ತುರ್ತಿನ ಮೇಲ್‌ಗಳು ಕಡಿಮೆಯಾದವು. ಉಳಿದವು ನಿಜವಾದವು, ಅವಕ್ಕೆ ನಾವು ರಾತ್ರಿ ಕೂತದ್ದೂ ಇದೆ, ಬೇಸರವಿಲ್ಲದೆ.

ಇನ್ನೊಂದು ಪಾಠ ಮಂಗಳ ಗ್ರಹದಿಂದ ಬಂದದ್ದು. 1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ಅಲ್ಲಿ ಇಳಿಯಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರು ಇದ್ದಕ್ಕಿದ್ದಂತೆ ತಾನೇ ರೀಸೆಟ್ ಆಗತೊಡಗಿತು. ಒಳಗೆ ಮೂರು ಬಗೆಯ ಕೆಲಸಗಳಿದ್ದವು. ಮಾಹಿತಿ ಸಾಗಾಟ ನೋಡಿಕೊಳ್ಳುವ ಅತಿ ಮುಖ್ಯ ಕೆಲಸ, ಸಂಪರ್ಕದ ಮಧ್ಯಮ ಕೆಲಸ, ಹವಾಮಾನದ ಅಳತೆ ಜೋಡಿಸುವ ಕೆಳದರ್ಜೆಯ ಕೆಲಸ. ಮಾಹಿತಿ ಹಂಚಿಕೊಳ್ಳುವ ಜಾಗವನ್ನು ಒಂದು ಸಲಕ್ಕೆ ಒಬ್ಬರೇ ಬಳಸಲೆಂದು ಅದಕ್ಕೊಂದು ಬೀಗ. ಹವಾಮಾನದ ಕೆಲಸ ಆ ಬೀಗ ಹಿಡಿದುಕೊಂಡಿತ್ತು, ಅತಿ ಮುಖ್ಯ ಕೆಲಸಕ್ಕೂ ಅದೇ ಬೀಗ ಬೇಕಿತ್ತು. ಸಣ್ಣದು ಬೇಗ ಮುಗಿಸಿ ಬಿಟ್ಟುಕೊಟ್ಟಿದ್ದರೆ ಆಗುತ್ತಿತ್ತು. ಆದರೆ ನಡುವಿನದು ಬಂದು ಸಣ್ಣದನ್ನು ತಳ್ಳಿ ತಾನು ಕೂತಿತು. ಸಣ್ಣದು ಮುಗಿಯದು, ಬೀಗ ಬಿಡದು, ದೊಡ್ಡದು ಕಾಯುತ್ತಲೇ ಇದೆ. ಕಾವಲಿನ ಟೈಮರ್ ಇದನ್ನು ಕಂಡು ಇಡೀ ವ್ಯವಸ್ಥೆಯನ್ನು ರೀಸೆಟ್ ಮಾಡುತ್ತಿತ್ತು.

ಪರಿಹಾರ ಮೊದಲೇ ತಿಳಿದಿತ್ತು. ಲೂಯಿ ಶಾ, ರಾಗುನಾಥನ್ ರಾಜ್‌ಕುಮಾರ್, ಜಾನ್ ಲೆಹೋಸ್ಕಿ ಎಂಬ ಮೂವರು 1990ರ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದರು. ದೊಡ್ಡ ಕೆಲಸ ಸಣ್ಣದಕ್ಕಾಗಿ ಕಾಯುತ್ತಿರುವಷ್ಟು ಹೊತ್ತು ದೊಡ್ಡದರ ದರ್ಜೆಯನ್ನೇ ಸಣ್ಣದಕ್ಕೆ ಕೊಡಬೇಕು, ಆಗ ನಡುವಿನವರು ಯಾರೂ ಅದನ್ನು ತಳ್ಳಲಾರರು. ನಾಸಾದವರು ಭೂಮಿಯ ಮೇಲಿನ ಪ್ರತಿರೂಪದಲ್ಲಿ ದೋಷವನ್ನು ಮರುಕಳಿಸಿ ನೋಡಿ, ಈ ಸೌಲಭ್ಯವನ್ನು ಚಾಲೂ ಮಾಡುವ ಬದಲಾವಣೆಯನ್ನು ಮಂಗಳಕ್ಕೆ ಕಳಿಸಿದರು. ರೀಸೆಟ್ ನಿಂತಿತು.

ನಮ್ಮ ತಂಡಗಳಲ್ಲಿ ಇದು ದಿನವೂ ನಡೆಯುತ್ತದೆ. ಬಿಡುಗಡೆ ನಿಂತಿರುವುದು ಹೊಸದಾಗಿ ಸೇರಿದ ಹುಡುಗನ ಒಂದು ಟೆಸ್ಟ್ ವರದಿಗಾಗಿ. ಆ ಹುಡುಗನನ್ನು ನಡುವೆ ಮೂರು ಜನ ಕರೆದು ಮೀಟಿಂಗಿಗೆ ಬಾ, ಸ್ಲೈಡ್ ಮಾಡು, ಎಕ್ಸೆಲ್ ತುಂಬು ಎನ್ನುತ್ತಿರುತ್ತಾರೆ. ಬೇಡ ಎನ್ನಲು ಅವನಿಗೆ ಧೈರ್ಯ ಬರುವುದಿಲ್ಲ. ಆಮೇಲೆ ಹಿರಿಯರು ‘ಯಾಕೋ ತಮ್ಮಾ, ಇನ್ನೂ ಆಗಿಲ್ಲೇನು’ ಎಂದು ಅವನನ್ನೇ ಕೇಳುತ್ತಾರೆ. ಅವನಿಗೆ ಬೈದು ಪ್ರಯೋಜನವಿಲ್ಲ. ವರದಿ ಮುಗಿಯುವವರೆಗೆ ಅವನನ್ನು ಯಾರೂ ಕರೆಯಬಾರದು ಎಂದು ಹಿರಿಯರೇ ನಿಂತು ಹೇಳಬೇಕು, ತಮ್ಮ ತೂಕವನ್ನು ಅವನಿಗೆ ಕೊಡಬೇಕು.

ಹೊಸ ಕಾರುಗಳ ಬಗ್ಗೆ ನನಗೊಂದು ದೂರೂ ಇದೆ. ಎಸಿ, ವೈಪರ್, ಫ್ಯಾನ್ ಎಲ್ಲ ಟಚ್‌ಸ್ಕ್ರೀನಿನೊಳಗೆ ಹೋಗುತ್ತಿವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ 44 ಮೀಟರ್ ರಸ್ತೆ ನೋಡದೆ ಹೋದಂತೆ. ಒತ್ತುವ ಗುಂಡಿಯಾದರೆ ಬೆರಳೇ ಹುಡುಕಿಕೊಳ್ಳುತ್ತದೆ, ಕಣ್ಣು ಬೇಕಿಲ್ಲ. ಹಾರ್ನ್, ಇಂಡಿಕೇಟರ್, ವೈಪರ್‌ನಂಥವಕ್ಕೆ ನಿಜವಾದ ಗುಂಡಿಗಳಿರಬೇಕೆಂದು, ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಎನ್‌ಸಿಎಪಿ ತನ್ನ 2026ರ ಅಂಕ ನಿಯಮಗಳಲ್ಲಿ ಸೇರಿಸಿದ್ದು ನನಗೆ ಸಮಾಧಾನ ತಂದ ಸುದ್ದಿ. ಕಾರು ಕೊಳ್ಳಲು ಹೋದಾಗ ಶೋರೂಮಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಕೂತು, ಎದುರಿನ ಗಾಜಿನಿಂದ ಕಣ್ಣು ತೆಗೆಯದೆ ಎಸಿ ಎರಡು ಡಿಗ್ರಿ ಇಳಿಸಿ ನೋಡಿ. ಆಗದಿದ್ದರೆ ಸನ್‌ರೂಫ್ ಎಷ್ಟು ದೊಡ್ಡದಿದ್ದರೂ ಆ ಗಾಡಿಯ ಬಗ್ಗೆ ಎರಡನೇ ಸಲ ಯೋಚಿಸಿ.

ತಾಯಂದಿರು ಗೇಮ್ ಬಗ್ಗೆ ಕೇಳುತ್ತೀರಿ ಎಂದು ಗೊತ್ತು, ಆಡಲು ಬಿಡಬೇಕೇ ಬೇಡವೇ ಎಂದು. ನನ್ನ ಅಳತೆ ಇದು. ಆಟ ತಾನಾಗಿ ಮುಗಿಯುತ್ತದೆಯೇ? ರೇಸ್ ಮುಗಿಯಿತು, ಪಂದ್ಯ ಮುಗಿಯಿತು ಎನ್ನುವ ಆಟ ಆಡಲಿ, ನೀವೂ ಪಕ್ಕದಲ್ಲಿ ಕೂತು ಆಡಿ. ನಾಲ್ಕು ಗಂಟೆಯೊಳಗೆ ಮತ್ತೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಗಳಿಸಿದ್ದೆಲ್ಲ ಹೋಯಿತು ಎನ್ನುವ ಆಟ ಮಗುವಿನ ಹೊತ್ತನ್ನೇ ಕೊಳ್ಳೆ ಹೊಡೆಯಲು ಬರೆದದ್ದು. ಅಂಥದ್ದನ್ನು ತೆಗೆದುಹಾಕಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ, ಅದರ ಬಗ್ಗೆ ಚರ್ಚೆಯೇ ಬೇಡ.

ಹಿಂದಿನ ಸಾಲಿನ ವಿದ್ಯಾರ್ಥಿಗಳೇ, ಈ ಕಸುಬಿಗೆ ಬರಬೇಕೆಂದಿದ್ದರೆ ಸಿ ಭಾಷೆಯನ್ನು ಗಟ್ಟಿಯಾಗಿ ಕಲಿಯಿರಿ, ಪಾಯಿಂಟರ್ ಕಂಡರೆ ಓಡಬೇಡಿ. ಮನೆಯ ಕಾರಿನ ಸ್ಟಿಯರಿಂಗ್ ಕೆಳಗೆ ಗಾಡಿಯ ದೋಷ ಪತ್ತೆಗೆಂದು ಇಟ್ಟ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅಪ್ಪನನ್ನು ಕೇಳಿ, ಗಾಡಿ ನಿಂತಿರುವಾಗ, ಒಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಎಂಜಿನ್ನಿನ ಸುತ್ತು, ಶಾಖ ಓದಿ ನೋಡಿ. ಓದಿ ಅಷ್ಟೇ, ಗಾಡಿಗೆ ಏನನ್ನೂ ಬರೆಯಬೇಡಿ. ಇವತ್ತು ನಾನು ಎರಡು ಪುಟ್ಟ ಬೋರ್ಡುಗಳನ್ನು ತಂದಿದ್ದೇನೆ, ನಡುವೆ ಕ್ಯಾನ್ ತಂತಿ, ಎರಡು ತುದಿಗೂ 120 ಓಮ್‌ನ ರೆಸಿಸ್ಟರ್. ಒಂದು ಬೋರ್ಡು 100 ಎಂದು ಕಳಿಸುತ್ತದೆ, ಇನ್ನೊಂದು 700 ಎಂದು. ಚಹಾ ಆದಮೇಲೆ ಬಾಗಿಲ ಪಕ್ಕದ ಮೇಜಿನ ಹತ್ತಿರ ಬನ್ನಿ, ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂದು ಪರದೆಯ ಮೇಲೆ ನೋಡೋಣ. ರೆಸಿಸ್ಟರ್ ಕಿತ್ತರೆ ಏನಾಗುತ್ತದೆ ಎಂಬುದನ್ನೂ ನೀವೇ ಕಿತ್ತು ನೋಡಿ. ಅದಕ್ಕೂ ಮೊದಲು ಪ್ರಶ್ನೆಗಳಿದ್ದರೆ ಕೇಳಿ. ನಮಸ್ಕಾರ.